ಸಿಪ್ಪೆ ಸಮೇತ

ಟೈಲರ್ ಮಾಮ ಸೇಬು ತಿನ್ನುವುದನ್ನು ಕಂಡವರಿಗೆ ಆ ದಿನ ಸೇಬು ರುಚಿಸುತ್ತಿರಲಿಲ್ಲ. ಸಿಪ್ಪೆ, ತಿರುಳು, ನಡುವಿನ ಗಟ್ಟಿ ಭಾಗ ಎಲ್ಲ ಒಂದರ ಹಿಂದೆ ಒಂದು ಒಳಗೆ ಹೋಗಿ, ಕೊನೆಗೆ ಕೈಯಲ್ಲಿ ತೊಟ್ಟು ಮಾತ್ರ ಉಳಿಯುತ್ತಿತ್ತು. ಆ ತೊಟ್ಟನ್ನೂ ಒಮ್ಮೆ ತಿರುಗಿಸಿ ಮುರುಗಿಸಿ ನೋಡಿ, ಬಿಸಾಡಲು ಮನಸ್ಸಿಲ್ಲದೆ ಬಿಸಾಡುತ್ತಿದ್ದರು.

ಒಂದೇ ಬಾಗಿಲಿನ ಅಂಗಡಿ, ಅದರ ಮೇಲೆ ಮನೆ. ಕಿಟಕಿಯ ಬಳಿ ಮಾಮನ ಹೊಲಿಗೆ ಮಿಷನ್ನು. ಪಕ್ಕದ ಸ್ಟೂಲಿನ ಮೇಲೆ ಗುಂಡಿ ಡಬ್ಬಿ ಹಿಡಿದು ಅವರ ಹೆಂಡತಿ. ಬಣ್ಣಬಣ್ಣದ ದಾರದ ಉಂಡೆಗಳಿದ್ದ ಶೆಲ್ಫಿನಲ್ಲಿ ಈಗ ಸೇಬು, ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಸಾಲಾಗಿ ಕೂತಿದ್ದವು. ಪ್ಯಾಂಟು ಹೊಲಿಸಲು ಬಂದ ಗಿರಾಕಿಯೊಬ್ಬ ದ್ರಾಕ್ಷಿಯ ಬೆಲೆ ಕೇಳಿದ್ದೂ ಉಂಟು.

ಮಾಮನಿಗೆ ಒಂದು ಅಭ್ಯಾಸವಿತ್ತು. ರಿಪೇರಿಗೆ ಯಾರೇ ಕೋಟು ತರಲಿ, ಗಿರಾಕಿಯ ಎದುರಿಗೇ ಅದರ ಒಳಮೈ ಹೊರಗೆ ತಿರುಗಿಸಿ ನೋಡದೆ ಒಪ್ಪಿಕೊಳ್ಳುತ್ತಿರಲಿಲ್ಲ. "ಹೊರಗಡೆ ಎಲ್ಲಾ ಕೋಟೂ ಮದುಮಗನೇ. ಲೈನಿಂಗ್ ನೋಡಿದ್ರೆ ಗೊತ್ತಾಗುತ್ತೆ ಬಂಡವಾಳ" ಎನ್ನುತ್ತಿದ್ದರು. ಹರಿದ ಅಸ್ತರನ್ನು ಬೆಳಕಿಗೆ ಹಿಡಿದು ಗಿರಾಕಿಯ ಮುಖಕ್ಕೇ ತೋರಿಸುವುದರಲ್ಲಿ ಅವರಿಗೊಂದು ಸಂತೋಷ. ಇಂಥ ಮನುಷ್ಯ ತನ್ನ ಒಳಮೈಯನ್ನು ಯಾರಿಗೂ ತೋರಿಸುವುದಿಲ್ಲವೆಂದು ಹಠ ಹಿಡಿದು ಕೂತದ್ದೇ ಈ ಕತೆ.

ಹೋದ ವರ್ಷ ಮಾಮನ ಅಣ್ಣ ತೀರಿಕೊಂಡಿದ್ದರು. ಮಾಮನ ಕೈಗೆ ಮೊದಲು ಕತ್ತರಿ ಕೊಟ್ಟವರೇ ಆ ಅಣ್ಣ. ದೊಡ್ಡ ಕರುಳಿನ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಆಗಲೇ ಡಾಕ್ಟರಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು: "ಇದು ಒಡಹುಟ್ಟಿದವರಿಗೆ, ಮಕ್ಕಳಿಗೆ ಬರೋ ಸಾಧ್ಯತೆ ಸ್ವಲ್ಪ ಹೆಚ್ಚು. ಕ್ಯಾಮೆರಾ ಇರೋ ಕೊಳವೆ ಹಾಕಿ ಕರುಳಿನ ಒಳಗೋಡೆ ನೋಡ್ತೀವಿ. ನೀವೆಲ್ಲ ಒಂದು ಸಲ ಮಾಡಿಸ್ಕೊಳ್ಳಿ." ಎಲ್ಲರೂ ತಲೆ ಆಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವರು ಟೈಲರ್ ಮಾಮ. ತಲೆ ಆಡಿಸಲು ಕೊಳವೆ ಬೇಕಿಲ್ಲವಲ್ಲ.

ಅವರಿಗೆ ಭಯವಾಗಿತ್ತು. ಸಂಕೋಚ, ಪುರುಸೊತ್ತಿಲ್ಲ, ಸೀಸನ್ನು ಎಂದೆಲ್ಲ ಹೇಳುತ್ತಿದ್ದರೂ ಒಳಗಿದ್ದದ್ದು ಶುದ್ಧ ಭಯ. ಅಣ್ಣ ಪರೀಕ್ಷೆಗೆಂದು ನಡೆದುಕೊಂಡು ಆಸ್ಪತ್ರೆಗೆ ಹೋದವರು ಮತ್ತೆ ನಡೆದುಕೊಂಡು ಬರಲಿಲ್ಲ. ಹುಡುಕಿದ್ದಕ್ಕೇ ಸಿಕ್ಕಿತು, ಹುಡುಕದಿದ್ದರೆ ಇರುತ್ತಿರಲಿಲ್ಲ ಎಂಬ ಲೆಕ್ಕ ಮಾಮನ ತಲೆಯಲ್ಲಿ ಕೂತುಬಿಟ್ಟಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ನಗುವವರು ಈ ಲೆಕ್ಕವನ್ನು ಒಮ್ಮೆಯಾದರೂ ಹಾಕದವರಾಗಿರಬೇಕು.

ಈ ಭಯಕ್ಕೆ ಮದ್ದು ಸಿಕ್ಕಿದ್ದು ಸೊಸೆಯಿಂದ. ಸೊಸೆ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಗಾಜಿನ ಪುಟ್ಟ ತಟ್ಟೆಗಳಲ್ಲಿ ಕರುಳಿನ ಕ್ಯಾನ್ಸರ್ ಕಣಗಳನ್ನು ಬೆಳೆಸಿ, ಹಣ್ಣುಗಳಿಂದ ತೆಗೆದ ಪದಾರ್ಥಗಳನ್ನು ಅವುಗಳ ಮೇಲೆ ಹನಿಸಿ ಏನಾಗುತ್ತದೆಂದು ನೋಡುವುದು ಅವಳ ಕೆಲಸ. ಒಂದು ಸಂಜೆ ಊಟಕ್ಕೆ ಕೂತಾಗ ಅವಳ ಮುಖ ಅರಳಿತ್ತು.

"ಸೇಬಿನ ಸಿಪ್ಪೇಲಿರೋ ಕೆಲವು ಪದಾರ್ಥ ಹಾಕಿದ್ವಿ ಮಾವ. ಕ್ಯಾನ್ಸರ್ ಕಣಗಳು ಬೆಳೆಯೋದು ಚೆನ್ನಾಗಿ ನಿಧಾನ ಆಯ್ತು. ದ್ರಾಕ್ಷಿ ಸಿಪ್ಪೇದೂ ಹಾಗೇ. ಆದ್ರೆ ಇದು ಗಾಜಿನ ತಟ್ಟೇಲಿ. ಮನುಷ್ಯರ ಹೊಟ್ಟೇಲೂ ಹೀಗೇ ಆಗುತ್ತೆ ಅಂತ ಹೇಳೋಕೆ ಇನ್ನೂ ಬಹಳ ದೂರ ಇದೆ."

ಮಾಮ ಬಟ್ಟೆ ಕತ್ತರಿಸುವಂತೆಯೇ ಆ ಮಾತನ್ನೂ ಕತ್ತರಿಸಿದರು. ತಮಗೆ ಬೇಕಾದ ಅಳತೆಯಷ್ಟು ಇಟ್ಟುಕೊಂಡು, "ಆದ್ರೆ" ಇಂದ ಆಚೆಗಿದ್ದದ್ದನ್ನು ಚಿಂದಿಯ ಜೊತೆ ಮೇಜಿನ ಕೆಳಗೆ ತಳ್ಳಿದರು. ಮರುದಿನ ಬೆಳಿಗ್ಗೆ ಸೇಬಿನ ಚೀಲ ಅಂಗಡಿಗೆ ಬಂತು.

ಆಮೇಲೆ ಉಪದೇಶ ಶುರುವಾಯಿತು. ಕುಪ್ಪಸದ ಅಳತೆ ಕೊಡಲು ಬಂದ ಹೆಂಗಸಿಗೆ ದ್ರಾಕ್ಷಿ ಸಿಪ್ಪೆಯ ಮಹಿಮೆ, ಸಮವಸ್ತ್ರಕ್ಕೆ ಬಂದ ಮೇಷ್ಟರಿಗೆ ದಾಳಿಂಬೆಯ ಮಹಿಮೆ. "ನಮ್ಮ ಸೊಸೇನೇ ಕಂಡುಹಿಡಿದಿದ್ದು" ಎಂದು ಕೊನೆಗೆ ಮೊಹರು ಬೇರೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮಾಮನ ಮನೆಯಲ್ಲಿ ಮದ್ದಲ್ಲದ್ದೇ ಮದ್ದಾಯಿತು. ಕಿತ್ತಳೆಯ ಸಿಪ್ಪೆಯನ್ನೂ ಅಗಿಯಲು ಹೋಗಿ ಮುಖ ಕಿವುಚಿಕೊಂಡ ದಿನ ಹೆಂಡತಿ ಗುಂಡಿ ಹೊಲಿಯುತ್ತಲೇ ಹೇಳಿದರು: "ಹಣ್ಣಿಟ್ಟಿರೋ ಚೀಲ ಒಂದು ಉಳಿದಿದೆ, ಅದನ್ನೂ ಒಂದು ಕೈ ನೋಡ್ರೀ."

ಅವರು ಸುಮ್ಮನೆ ಬಿಡುವ ಹೆಂಗಸಲ್ಲ. "ಊರವರ ಕೋಟೆಲ್ಲ ಒಳಮೈ ತಿರುಗಿಸಿ ನೋಡ್ತೀರ. ನಿಮ್ಮ ಲೈನಿಂಗ್ ಯಾರು ನೋಡೋದು?"

"ನಂಗೇನಾಗಿದೆ? ಕಲ್ಲು ತಿಂದು ಕಲ್ಲು ಕರಗಿಸ್ಕೊತೀನಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಬೇಕು?"

"ಹುಣ್ಣು ಅಂಗೈಲಿದ್ರೆ ಬೇಡ. ಕರುಳಲ್ಲಿದ್ರೆ ಕನ್ನಡಿ ಬೇಕು ಕಣ್ರೀ. ಅದಕ್ಕೇ ಡಾಕ್ಟರಮ್ಮ ಕೊಳವೆಗೆ ಕಟ್ಟಿ ಕಳಿಸ್ತಾರೆ."

ಮಾಮ ಮಿಷನ್ನನ್ನು ಜೋರಾಗಿ ತುಳಿದರು. ಉತ್ತರವಿಲ್ಲದಾಗ ಆ ಮಿಷನ್ನು ಹೆಚ್ಚು ಸದ್ದು ಮಾಡುತ್ತಿತ್ತು.

ಕೊನೆಗೆ ಹೆಂಡತಿಯೇ ಆಸ್ಪತ್ರೆಗೆ ಹೋಗಿ ದಿನ ಗೊತ್ತು ಮಾಡಿ ಬಂದರು. ಕೊಳವೆ ಹಾಕುವ ಮೊದಲು ಕರುಳು ತೊಳೆದಿಟ್ಟ ಪಾತ್ರೆಯಂತಿರಬೇಕು. ಆದ್ದರಿಂದ ಕೆಲವು ದಿನ ಮೊದಲೇ ಹಣ್ಣು, ಬೀಜ, ಸಿಪ್ಪೆ ಬಂದ್. ಹಿಂದಿನ ದಿನ ಬರೀ ತಿಳಿ ಪಾನೀಯ, ಜೊತೆಗೆ ಆಸ್ಪತ್ರೆಯವರು ಕೊಟ್ಟ ಉಪ್ಪುಪ್ಪು ಔಷಧಿ. ಸೊಸೆ ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಮಾಮ ಎಲ್ಲಕ್ಕೂ ಹೂಂ ಎಂದರು.

ಆದರೆ ಒಳಗೊಳಗೇ ಅವರಿಗೆ ಇದು ಶುದ್ಧ ಮೂರ್ಖತನವೆಂದು ತೋರಿತು. ಇಷ್ಟು ತಿಂಗಳು ಹಣ್ಣು ತಿಂದು ಕರುಳಿಗೆ ಕಾವಲು ಹಾಕಿದ್ದಾಯಿತು. ಡಾಕ್ಟರು ಬಂದು ನೋಡುವ ಹೊತ್ತಿಗೆ ಸರಿಯಾಗಿ ಕಾವಲಿನವರನ್ನೆಲ್ಲ ರಜೆಯ ಮೇಲೆ ಕಳಿಸುವುದೇ? ಅಷ್ಟು ದಿನ ಕಾವಲಿಲ್ಲದೆ ಬಿಟ್ಟರೆ ಅಷ್ಟರಲ್ಲೇ ಏನಾದರೂ ಬೆಳೆದುಕೊಂಡರೆ? ಹಾಗೆಂದು ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ನಿಂತು, ಮಾಮ ಕದ್ದು ದಾಳಿಂಬೆ ತಿಂದರು. ದ್ರಾಕ್ಷಿಯನ್ನೂ ತಿಂದರು. ಆಚೆ ಹೆಂಡತಿ "ಯಾರ್ರೀ ಒಳಗೆ?" ಎಂದಾಗ ಬಾಯಿ ತುಂಬಿದ್ದರಿಂದ ಕೆಮ್ಮಿದರು.

ಆಸ್ಪತ್ರೆಯಲ್ಲಿ ಹೆಂಡತಿ, ಸೊಸೆ ಹೊರಗೆ ಬೆಂಚಿನ ಮೇಲೆ ಕಾದಿದ್ದರು. ಮಾಮ ಒಳಗೆ ಹೋದಷ್ಟೇ ಬೇಗ ಬಾಗಿಲು ತೆರೆಯಿತು. ಡಾಕ್ಟರಮ್ಮ ಕೈಗವಸು ಕಳಚುತ್ತಾ ಬಂದರು.

"ಯಜಮಾನ್ರು ನಿನ್ನೆ ಏನು ತಿಂದ್ರು?"

"ಏನೂ ಇಲ್ಲಮ್ಮ. ನೀರು, ನೀವು ಕೊಟ್ಟ ಔಷಧಿ ಅಷ್ಟೇ."

"ಹಾಗಾದ್ರೆ ನಿಮ್ಮನೆ ನಲ್ಲೀಲಿ ದಾಳಿಂಬೆ ಬೀಜ ಬರುತ್ತೆ ಅಂತಾಯ್ತು." ಡಾಕ್ಟರಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ, ಕೋಪವೂ ತಡೆಯಲಾಗುತ್ತಿರಲಿಲ್ಲ. "ಪರದೆ ಮೇಲೆ ನೋಡಿದ್ರೆ ಕರುಳು ಕಾಣಲ್ಲ, ಹಣ್ಣಿನ ತೋಟ ಕಾಣುತ್ತೆ. ಬೀಜ ಹೋಗಿ ನನ್ನ ಕೊಳವೆ ಕಟ್ಕೊಂಡುಬಿಡ್ತು. ನಿಲ್ಲಿಸಿಬಿಟ್ಟೆ. ಇನ್ನೊಂದು ದಿನ ಬರಬೇಕು."

ಸೊಸೆಯ ಕಿವಿ ಕೆಂಪಾಯಿತು. ಮಾಮ ಮಾತ್ರ ಅರಿವಳಿಕೆಯ ಮಂಪರು ಇಳಿಯುತ್ತಿದ್ದಂತೆ ಯುದ್ಧ ಗೆದ್ದವರಂತೆ ಎದ್ದು ಕೂತರು. "ಕೊಳವೆ ಹೋಯ್ತು, ಬಂತು. ಏನೂ ಸಿಗಲಿಲ್ಲ, ಅಲ್ವಾ?"

"ಬೀಜ ಸಿಕ್ತಲ್ಲ" ಎಂದರು ಹೆಂಡತಿ.

ಅಲ್ಲಿಗೆ ಮಾಮ ಕಡತ ಮುಚ್ಚಿದರು. ಮತ್ತೊಂದು ದಿನಾಂಕದ ಮಾತೆತ್ತಿದರೆ "ನೋಡೋಣ" ಎನ್ನುತ್ತಿದ್ದರು. ಆ ಅಂಗಡಿಯಲ್ಲಿ ನೋಡೋಣ ಎಂದರೇನೆಂದು ಗಿರಾಕಿಗಳಿಗೆಲ್ಲ ಗೊತ್ತಿತ್ತು. ಅಂಥ ಬಟ್ಟೆ ಹಬ್ಬ ಹರಿದಿನ ಕಳೆದ ಮೇಲೂ ಸಿಗುತ್ತಿರಲಿಲ್ಲ.

ಒಂದು ರಜೆಯ ದಿನ ಸೊಸೆ ಕೆಳಗಿಳಿದು ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಮಾವನೆದುರು ದನಿ ಏರಿಸಿದವಳಲ್ಲ. ಅವತ್ತೂ ಏರಿಸಲಿಲ್ಲ.

"ಮಾವ, ಹಣ್ಣು ಒಳ್ಳೇದು. ತಿನ್ನಿ. ನಾನು ಬೇಡ ಅನ್ನಲ್ಲ. ಆದ್ರೆ ನನ್ನ ತಟ್ಟೇಲಿರೋದು ಕಣ. ನೀವು ಮನುಷ್ಯರು. ಅಲ್ಲಿ ನಾವು ಪದಾರ್ಥಾನ ನೇರವಾಗಿ ಕಣದ ಮೇಲೇ ಹನಿಸ್ತೀವಿ. ನೀವು ತಿಂದ ಸೇಬು ಎಲ್ಲೆಲ್ಲಿ ಒಡೆದು, ಎಷ್ಟು ಉಳಿದು ಎಲ್ಲಿಗೆ ಸೇರುತ್ತೋ ಯಾರಿಗೆ ಗೊತ್ತು? ಕರುಳಲ್ಲಿ ಗಂಟು ಆಗಲೇ ಇದ್ರೆ ಹಣ್ಣು ಅದನ್ನ ಕಿತ್ತು ಹಾಕಲ್ಲ. ಡಾಕ್ಟರು ಒಂದು ತಂತಿ ಕುಣಿಕೆ ಹಾಕಿ ಕಿತ್ತು ಹಾಕ್ತಾರೆ."

"ಹಾಗಾದ್ರೆ ನಿನ್ನ ಕೆಲಸಾನೇ ಸುಳ್ಳಾ?"

"ಸುಳ್ಳಲ್ಲ ಮಾವ. ಅರ್ಧ ಆಗಿದೆ. ಒಂದು ತೋಳು ಹೊಲಿದಿಟ್ಟು ಕೋಟು ಅಂತ ಮಾರ್ತೀರಾ ನೀವು?" ಅವಳ ದನಿ ಸಣ್ಣದಾಯಿತು. "ನಾನು ಖುಷಿಗೆ ಹೇಳಿದ ಮಾತು ಹಿಡ್ಕೊಂಡು ನೀವು ಹೋಗದೇ ಇದ್ದು, ನಾಳೆ ಏನಾದ್ರೂ ಆದ್ರೆ, ನಾನು ಆ ತಟ್ಟೆಗಳ ಮುಂದೆ ಹೇಗೆ ಕೂರಲಿ ಹೇಳಿ?"

ಮಾಮನಿಗೆ ಪಾಪ ಅನ್ನಿಸಿತು. ಸೊಸೆಯ ಮೇಲೆ ಅವರಿಗೆ ಮಗನಿಗಿಂತ ಒಂದು ಹಿಡಿ ಹೆಚ್ಚೇ ಪ್ರೀತಿ. "ಅಳಬೇಡ ಮಗಳೇ" ಎಂದರು. ಶೆಲ್ಫಿನಿಂದ ಒಳ್ಳೆಯ ಸೇಬೊಂದನ್ನು ಆರಿಸಿ ಕೈಗಿಟ್ಟರು. ಆಮೇಲೆ "ನೋಡೋಣ" ಎಂದರು. ಸೊಸೆ ಸೇಬನ್ನು ಅಲ್ಲೇ ಮೇಜಿನ ಮೇಲಿಟ್ಟು ಮೇಲೆ ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಅಣ್ಣನ ಮಗ ಬಂದ. ಬೇಕರಿಯೊಂದರ ವ್ಯಾನು ಓಡಿಸುತ್ತಿದ್ದ ಅವನು ಬರುವ ಮೊದಲೇ ಅವನ ಅಂಗಿಯ ಬನ್ನಿನ ವಾಸನೆ ಬರುತ್ತಿತ್ತು. ಮೈಕಟ್ಟು, ನಡಿಗೆ, ಬಾಗಿಲಲ್ಲಿ ಒಂದು ಕೈ ಊರಿ ನಿಲ್ಲುವ ರೀತಿ ಎಲ್ಲ ಅಪ್ಪನದೇ ಅಚ್ಚು. ಕಂಕುಳಲ್ಲಿ ಪ್ಯಾಂಟುಗಳ ಗಂಟು ಹಿಡಿದಿದ್ದ.

"ಚಿಕ್ಕಪ್ಪ, ಸೊಂಟ ಸ್ವಲ್ಪ ಟೈಟ್ ಮಾಡಿಕೊಡಿ. ಎಲ್ಲಾ ಜಾರ್ತಿವೆ."

ಮಾಮನ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು.

"ಯಾಕೋ?"

"ಯಾಕೆ ಅಂದ್ರೆ? ನಿಮ್ಮ ಪ್ರಭಾವ! ನೀವು ಹೇಳಿದ ಹಾಗೆ ಹಣ್ಣು ತಿಂತಿದೀನಿ. ಸಿಪ್ಪೆ ಸಮೇತ. ತೂಕ ಹೇಗೆ ಇಳಿದಿದೆ ನೋಡಿ." ಅವನು ಹೆಮ್ಮೆಯಿಂದ ಹೊಟ್ಟೆ ತಟ್ಟಿಕೊಂಡ. "ನಂಗೂ ಕೊಳವೆ ಪರೀಕ್ಷೆಗೆ ದಿನ ಕೊಟ್ಟಿದ್ರು. ಚಿಕ್ಕಪ್ಪಾನೇ ಬೇಡ ಅಂತ ಕೂತಿರೋವಾಗ ನಂಗ್ಯಾಕೆ ಅಂತ ಫೋನ್ ಮಾಡಿ ಬೇಡ ಅಂದುಬಿಟ್ಟೆ."

ಮಾಮ ಕೊರಳಲ್ಲಿದ್ದ ಟೇಪು ತೆಗೆದು ಹುಡುಗನ ಸೊಂಟಕ್ಕೆ ಸುತ್ತಿದರು. ಹುಡುಗನೆಂದರೆ ನಲವತ್ತು ದಾಟಿದ ಹುಡುಗ. ಟೇಪಿನ ತುದಿ ಹಿಂದಿನ ಸಲಕ್ಕಿಂತ ಬಹಳ ಆಚೆಗೆ ಬಂದು ನಿಂತಿತು. ಅದೇ ಬಾಗಿಲು, ಅದೇ ಜಾಗ, ಅದೇ ಮಾತು. ಅಣ್ಣನೂ ಹೀಗೇ ಪ್ಯಾಂಟು ತಂದಿದ್ದರು. ಸೊಂಟ ಸ್ವಲ್ಪ ಟೈಟ್ ಮಾಡು ಎಂದಿದ್ದರು. "ಈ ವಯಸ್ಸಲ್ಲಿ ಯಾರಿಗೋಸ್ಕರ ಅಣ್ಣ ಇಷ್ಟು ತೆಳ್ಳಗಾಗ್ತಿದೀಯ?" ಎಂದು ಮಾಮ ಕಿಚಾಯಿಸಿದ್ದರು. ಅಣ್ಣ ನಕ್ಕಿದ್ದರು. ಮತ್ತೆ ತಂದಾಗ ಮಾಮ ಸೊಂಟವನ್ನು ಇನ್ನಷ್ಟು ಹಿಡಿದು, ಒಳಗೆ ಬಟ್ಟೆ ದಪ್ಪವಾಯಿತೆಂದು ಹೆಚ್ಚಿನದನ್ನು ಕತ್ತರಿಸಿ ಎಸೆದಿದ್ದರು. ಅಣ್ಣನ ಮೈ ಒಂದು ವೇಳೆ ಮತ್ತೆ ತುಂಬಿಕೊಂಡಿದ್ದರೂ ಆ ಪ್ಯಾಂಟನ್ನು ಬಿಚ್ಚಿ ಅಗಲ ಮಾಡುವಂತಿರಲಿಲ್ಲ. ಊರಿನ ಅರ್ಧ ಸೊಂಟಗಳ ಅಳತೆ ಬಾಯಲ್ಲಿಟ್ಟುಕೊಂಡ ತಾನು, ಸ್ವಂತ ಅಣ್ಣ ಕರಗುತ್ತಿರುವುದನ್ನು ಅಳೆದು ಅಳೆದು ಹೊಲಿದುಕೊಟ್ಟೆನಲ್ಲ ಎಂಬುದು ಮಾಮನ ಎದೆಯಲ್ಲಿ ವರ್ಷದಿಂದ ಮುಳ್ಳಿನಂತೆ ಕೂತಿತ್ತು. ಹೆಂಡತಿಗೂ ಹೇಳಿರಲಿಲ್ಲ.

"ಈ ಪ್ಯಾಂಟು ನಾನು ಹೊಲಿಯಲ್ಲ" ಎಂದರು.

"ಅಯ್ಯೋ, ಯಾಕೆ ಚಿಕ್ಕಪ್ಪ?"

"ಹೊಲಿಯಲ್ಲ ಅಂದ್ರೆ ಹೊಲಿಯಲ್ಲ. ಬೆಲ್ಟ್ ಬಿಗಿ ಮಾಡ್ಕೊ. ನೀನು ಆಸ್ಪತ್ರೆಗೆ ಹೋಗಿ ಬರೋ ತನಕ ನಿನ್ನ ಬಟ್ಟೆಗೆ ಸೂಜಿ ಮುಟ್ಟಿಸಲ್ಲ."

"ಹೇಳೋರು ನೀವು! ನೀವು ಮೊದಲು ಹೋಗಿ. ಆಮೇಲೆ ನಂಗೆ ಹೇಳಿ."

ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಿದರು. ಏನಾದರೊಂದು ಕುಟುಕುತ್ತಾರೆಂದು ಮಾಮ ಕಾದರು. ಅವರು ಗಂಡನ ಮುಖ ನೋಡಿದವರೇ ಕುಟುಕಲಿಲ್ಲ.

"ಇಬ್ಬರೂ ಒಂದೇ ದಿನ ಹೋಗೋಣ" ಎಂದರು ಮಾಮ. "ನೀನು ಓಡಿಹೋಗದ ಹಾಗೆ ನಾನು ಕಾಯ್ತೀನಿ."

"ನೀವು ದಾಳಿಂಬೆ ತಿನ್ನದ ಹಾಗೆ ನಾನು ಕಾಯ್ತೀನಿ" ಎಂದ ಹುಡುಗ.

ಪರೀಕ್ಷೆಯ ಹಿಂದಿನ ದಿನ ಚಿಕ್ಕಪ್ಪ, ಹುಡುಗ ಇಬ್ಬರೂ ಅಂಗಡಿಯ ಮೇಲಿನ ಮನೆಯಲ್ಲಿ ಎದುರುಬದುರಾಗಿ ಕೂತು ಉಪ್ಪುಪ್ಪು ಔಷಧಿ ಕುಡಿದರು. ಮನೆಗಿದ್ದದ್ದು ಒಂದೇ ಕಕ್ಕಸು. ಆ ದಿನದ ಉಳಿದ ವಿವರ ಹೇಳದಿರುವುದೇ ಮರ್ಯಾದೆ. ಯಾರು ಮೊದಲು ಎನ್ನುವ ಜಗಳದಲ್ಲಿ ವಯಸ್ಸಿಗೆ ಬೆಲೆ ಸಿಗಲಿಲ್ಲ ಎಂದಷ್ಟು ಹೇಳಬಹುದು. ಹಣ್ಣುಗಳನ್ನೆಲ್ಲ ಸೊಸೆ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅತ್ತೆಗೆ ಕೊಟ್ಟಳು. ಅತ್ತೆ ಅದನ್ನು ಗುಂಡಿ ಡಬ್ಬಿಯ ತಳಕ್ಕೆ ಸೇರಿಸಿದರು.

ಆಸ್ಪತ್ರೆಯಲ್ಲಿ ಮಾಮ ಹಟ ಹಿಡಿದು ಹುಡುಗನನ್ನೇ ಮೊದಲು ಒಳಗೆ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಅವರ ಕೈ ಕೊರಳಿನ ಟೇಪು ಹುಡುಕಿತು. ಅದು ಮನೆಯಲ್ಲಿತ್ತು. ಅಣ್ಣಾ, ಇವನನ್ನು ಬಿಟ್ಟುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ತನ್ನ ಸರದಿ ಇನ್ನೂ ಬಾಕಿಯಿದೆ ಎಂಬುದು ಆಗ ನೆನಪೇ ಇರಲಿಲ್ಲ.

ಹುಡುಗನ ಕರುಳು ಸ್ವಚ್ಛವಾಗಿತ್ತು. ರಕ್ತ ಪರೀಕ್ಷೆಯೂ ಸರಿಯಿತ್ತು. "ಗಾಡೀಲಿ ಕೂತು ಹೊತ್ತುಹೊತ್ತಿಗೆ ಬನ್ನು, ಕೇಕು ತಿಂತಿದ್ದೆ ಅಂದ್ರಲ್ಲ, ಅದು ಬಿಟ್ಟು ಹಣ್ಣು ಹಿಡಿದಿದೀರ. ಸೊಂಟ ಇಳೀದೆ ಏನು ಮಾಡುತ್ತೆ?" ಎಂದರು ಡಾಕ್ಟರಮ್ಮ. ಮಾಮ ಆ ಮಾತು ಕೇಳಿ ಮುಖಕ್ಕೆ ಟವೆಲು ಒತ್ತಿಕೊಂಡು ಅತ್ತರು. ಆಮೇಲೆ ಕೆಲಸವೆಲ್ಲ ಮುಗಿಯಿತೆಂಬಂತೆ ಚಪ್ಪಲಿ ಮೆಟ್ಟಿ ಹೊರಟರು. ನರ್ಸು ಹಿಡಿದು ಒಳಗೆ ಕರೆದುಕೊಂಡು ಹೋಗಬೇಕಾಯಿತು.

ಅವರ ಕರುಳಿನಲ್ಲಿ ಗಂಟಿತ್ತು.

ಅಣಬೆಯಂಥ ಒಂದು ಗಂಟು, ಒಳಗೋಡೆಯ ತಿರುವಿನಲ್ಲಿ ಮರೆಯಾಗಿ ಕೂತಿತ್ತು. ಡಾಕ್ಟರಮ್ಮ ಕುಣಿಕೆ ಹಾಕಿ ಅದನ್ನು ಬುಡದಿಂದ ತೆಗೆದರು. ಪರೀಕ್ಷೆಯ ವರದಿ ಬಂದ ದಿನ ಮನೆಯವರನ್ನೆಲ್ಲ ಮತ್ತೆ ಕೂರಿಸಿಕೊಂಡರು. "ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಆದ್ರೆ ಆಗೋ ಜಾತೀದು. ಹಾಗೇ ಬಿಟ್ಟಿದ್ರೆ ಅಣ್ಣನ ದಾರೀನೇ ಹಿಡಿಯೋದು. ಮೊದಲನೇ ಸಲ ದಾಳಿಂಬೆ ಬೀಜದ ಹಿಂದೆ ಇದೇ ಕೂತಿತ್ತು ಯಜಮಾನ್ರೇ. ಮತ್ತೆ ಯಾವಾಗ ಬರಬೇಕು ಅಂತ ಹೇಳ್ತೀನಿ, ಆಗ ಬರಬೇಕು. ನೋಡೋಣ ಅನ್ನಬಾರದು."

ಮಾಮ ತಲೆ ಆಡಿಸಿದರು. ಈ ಸಲ ಮೆಲ್ಲಗೆ ಆಡಿಸಿದರು.

ವಾಪಸ್ ಬಂದು ಅಂಗಡಿಯ ಬಾಗಿಲು ತೆಗೆದು ಕೂತ ಮೇಲೆ ಮಾಮನಿಗೆ ಜೀವ ಬಂತು, ಜೊತೆಗೆ ಹಳೆಯ ಗುಣವೂ ಬಂತು.

"ಅಲ್ಲಮ್ಮ, ನಾನು ಅಷ್ಟು ಹಣ್ಣು ತಿಂದಿದ್ದಕ್ಕೇ ಅದು ಕ್ಯಾನ್ಸರ್ ಆಗದೆ ತಡೆದು ನಿಂತಿತ್ತು ಅನ್ನಬಹುದಾ?"

ಸೊಸೆ ಒಂದು ಕ್ಷಣ ಯೋಚಿಸಿದಳು. ಹೌದು ಎಂದರೆ ಮಾವನಿಗೆ ಹಬ್ಬ. ಆದರೆ ಒಮ್ಮೆ ಕೈ ಸುಟ್ಟುಕೊಂಡವಳು. "ಗೊತ್ತಿಲ್ಲ ಮಾವ. ಕೆಲವೇ ತಿಂಗಳು ತಿಂದಿದೀರ. ಅದು ಹೇಳ್ಬೇಕು ಅಂದ್ರೆ ನಿಮ್ಮಂಥೋರು ಸಾವಿರಾರು ಜನ ಬೇಕು, ವರ್ಷಗಟ್ಟಲೆ ನೋಡ್ಬೇಕು."

"ಇವರಂಥೋರು ಒಬ್ಬರೇ ಸಾಕಪ್ಪ" ಎಂದರು ಹೆಂಡತಿ, ಗುಂಡಿ ಡಬ್ಬಿಯಿಂದ ಬೀಗದ ಕೈ ತೆಗೆಯುತ್ತಾ. ಸೆರಗಿನಿಂದ ಕಣ್ಣೊರೆಸಿಕೊಂಡು ಸೇಬೊಂದನ್ನು ತಂದು ಗಂಡನ ಕೈಗಿಟ್ಟರು.

ಅಷ್ಟರಲ್ಲಿ ಹುಡುಗ ಬೇಕರಿಯ ವ್ಯಾನು ನಿಲ್ಲಿಸಿ ಬಂದ. ಜಾರುತ್ತಿದ್ದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಡೆಯುತ್ತಿದ್ದ. "ಚಿಕ್ಕಪ್ಪ, ಇನ್ನಾದರೂ ಹೊಲೀತೀರಾ? ನಿಮ್ಮ ಹಟದಿಂದ ನಡುಬೀದೀಲಿ ಮಾನ ಹೋಗುತ್ತೆ."

ಮಾಮ ಸೇಬನ್ನು ಪಕ್ಕಕ್ಕಿಟ್ಟು, ಹುಡುಗ ಅಂದು ಬಿಟ್ಟುಹೋಗಿದ್ದ ಪ್ಯಾಂಟುಗಳ ಗಂಟು ಬಿಚ್ಚಿ ಒಂದನ್ನು ತೆಗೆದುಕೊಂಡರು. ಒಳಮೈ ಹೊರಗೆ ತಿರುಗಿಸಿದರು. ಸೀಮೆಸುಣ್ಣದಿಂದ ಗೆರೆ ಎಳೆದರು. ಹಳೆಯ ಹೊಲಿಗೆ ಬಿಚ್ಚಿ, ಸೊಂಟ ಹಿಡಿದು, ಮಿಷನ್ನು ತುಳಿದರು. ಮಿಷನ್ನು ಅವತ್ತು ಮೆಲ್ಲಗೆ ಸದ್ದು ಮಾಡಿತು. ಹೊಲಿದಾದ ಮೇಲೆ ಒಳಗೆ ನಾಲ್ಕು ಬೆರಳಗಲ ಬಟ್ಟೆ ಹೆಚ್ಚಾಗಿ ಉಳಿದಿತ್ತು. ಹೆಂಡತಿ ಅಭ್ಯಾಸಬಲದಿಂದ ಕತ್ತರಿ ಎತ್ತಿ ಕೊಟ್ಟರು.

"ಬೇಡ" ಎಂದರು ಮಾಮ.

"ದಪ್ಪ ಆಗುತ್ತಲ್ರೀ. ಒತ್ತಲ್ವಾ ಅವನಿಗೆ?"

"ಸ್ವಲ್ಪ ಒತ್ತಲಿ." ಮಾಮ ಆ ಬಟ್ಟೆಯನ್ನು ಒಳಕ್ಕೆ ಮಡಿಸಿ, ಎರಡು ಕಡೆ ಕೈಹೊಲಿಗೆ ಹಾಕಿ ಭದ್ರ ಮಾಡಿದರು. "ಮುಂದೆ ವಯಸ್ಸಾಗಿ ಇವನು ನನ್ನ ಹಾಗೆ ಹೊಟ್ಟೆ ಬಿಟ್ಟಾಗ ಬಿಚ್ಚಿ ಅಗಲ ಮಾಡೋಕೆ ಬೇಕಾಗುತ್ತೆ."